ಕೆಂಡದ ಕಿಂಡಿ

ಹೊಳೆಯ ದಂಡೆಯಲ್ಲಿ ಒಂದು ಮಠವಿತ್ತು. ಮಠ ಅಂದರೆ ದೊಡ್ಡದೇನಲ್ಲ. ನಾಲ್ಕು ಗೋಡೆ, ಒಂದು ಅಂಗಳ, ಒಂದು ಒಲೆ.

ಒಲೆ ಮಾತ್ರ ದೊಡ್ಡದು. ಮೂರು ಹಂಡೆ ಸಾಲಾಗಿ ಕೂರುತ್ತಿದ್ದವು. ಅದು ಆರಿದ್ದನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ.

ಒಲೆಯನ್ನೂ ಮಠವನ್ನೂ ನೋಡಿಕೊಂಡಿದ್ದವಳು ಬಾಳವ್ವ. ಊರವರು ಅವಳನ್ನು ಅವ್ವಾರು ಅನ್ನುತ್ತಿದ್ದರು. ಅವಳು ಪ್ರವಚನ ಹೇಳಿದವಳಲ್ಲ, ಮಂತ್ರ ಕೊಟ್ಟವಳಲ್ಲ. ಹಸಿದು ಬಂದವರಿಗೆ ಉಣ್ಣಲು ಇಕ್ಕುತ್ತಿದ್ದಳು. ಉಪದೇಶ ಕೇಳಲು ಬಂದವರಿಗೂ ಮೊದಲು ಉಣ್ಣಲು ಇಕ್ಕುತ್ತಿದ್ದಳು. ಅರ್ಧಕ್ಕರ್ಧ ಜನ ಉಂಡ ಮೇಲೆ ಉಪದೇಶ ಮರೆತು ಮನೆಗೆ ಹೋಗುತ್ತಿದ್ದರು.

ಮರೆಯದೆ ಕೂತವನು ಹುಲಗಪ್ಪ ಒಬ್ಬನೇ.

ಹುಲಗಪ್ಪ ಗೌಂಡಿಗಳ ಮನೆಯವನು, ಮೂವತ್ತು ದಾಟಿದ ಗಂಡಸು. ಕಲ್ಲು ಕೈಗೆ ಸಿಕ್ಕರೆ ಸಾಕು, ಎಲ್ಲಿ ಹೊಡೆದರೆ ಎಲ್ಲಿ ಸೀಳುತ್ತದೆ ಎಂದು ಹೇಳಬಲ್ಲವನು. ಅವನಿಗೆ ಇದ್ದದ್ದು ಒಂದೇ ಐಬು. ದೊಡ್ಡವರು ಏನು ಹೇಳಿದರೂ ಹೂಂ ಅನ್ನುತ್ತಿದ್ದ.

"ಅವ್ವಾರ, ನನಗ ಉಪದೇಶ ಕೊಡ್ರಿ," ಅಂದ ಮೊದಲ ದಿನ.

"ಒಂದ ಸಲ 'ಒಲ್ಲೆ' ಅನ್ನು," ಅಂದಳು ಬಾಳವ್ವ.

"ಯಾವುದಕ್ಕ್ರಿ?"

"ಯಾವುದಕ್ಕರ ಅನ್ನು."

ಹುಲಗಪ್ಪ ಬಹಳ ಹೊತ್ತು ಯೋಚಿಸಿದ. ಕೊನೆಗೆ ಕೈಮುಗಿದ. "ನೀವು ಹೇಳಾಕತ್ತೀರಿ ಅಂದ ಮ್ಯಾಲ ಅಂತೀನ್ರಿ. ಒಲ್ಲೆ."

ಬಾಳವ್ವ ನಕ್ಕುಬಿಟ್ಟಳು. "ಹೋಗು, ಒಲಿಯಾಗಿನ ಬೂದಿ ತಗಿ."

ಮೂರು ವರ್ಷ ಅವನು ಬೂದಿ ತೆಗೆದ. ಉಪದೇಶ ಅಷ್ಟಕ್ಕೇ ನಿಂತಿತ್ತು.

ಒಲೆಯ ಎಡಮಗ್ಗುಲಿಗೆ, ಹಿಂದಿನ ಗೋಡೆಯಲ್ಲಿ ಒಂದು ಕಿಂಡಿಯಿತ್ತು. ಒಂದು ಗೇಣು ಉದ್ದ, ಒಂದು ಗೇಣು ಅಗಲ. ಗೋಡೆಯ ಆಚೆ ಕೇರಿಯ ಕಾಲುದಾರಿ.

ಆ ಸೀಮೆಗೆ ಬೆಂಕಿಕಡ್ಡಿ ಇನ್ನೂ ಬಂದಿರಲಿಲ್ಲ. ಊರವರು ಬೆಳಗಾದರೆ ನೆರೆಮನೆಯಿಂದ ಕೆಂಡ ತಂದು ಒಲೆ ಹೊತ್ತಿಸುತ್ತಿದ್ದರು. ಕೇರಿಯವರಿಗೆ ಊರಿನ ಯಾವ ಮನೆಯೂ ಕೆಂಡ ಕೊಡುತ್ತಿರಲಿಲ್ಲ. ಅವರು ಊರ ಬೀದಿಯನ್ನು ತುಳಿಯುವ ಹಾಗೂ ಇರಲಿಲ್ಲ. ಬೂದಿಯಡಿ ಕೆಂಡ ಉಳಿಸಿಕೊಳ್ಳೋಣವೆಂದರೆ ರಾತ್ರಿಯಿಡೀ ಒಟ್ಟಲು ಅವರ ಹತ್ತಿರ ಸೌದೆ ಎಲ್ಲಿತ್ತು?

ಬಾಳವ್ವನ ಗುರು ಯಾವುದೋ ಕಾಲದಲ್ಲಿ ಗೋಡೆ ತೂತು ಮಾಡಿ ಆ ಕಿಂಡಿ ಇಟ್ಟಿದ್ದರು. ಆಗ ಊರವರು ಮಠಕ್ಕೆ ಕಲ್ಲು ಹೊಡೆದಿದ್ದರಂತೆ. ಹೊಡೆದ ಕಲ್ಲುಗಳನ್ನೇ ಆರಿಸಿ ಕಿಂಡಿಯ ಅಂಚು ಕಟ್ಟಿದರಂತೆ ಆ ಮಹಾರಾಯರು.

ಅಂದಿನಿಂದ ದಿನಾ ನಸುಕಿಗೆ ಕಿಂಡಿಯಲ್ಲಿ ಒಂದು ಕೈ ಬರುತ್ತಿತ್ತು. ಕೈಯಲ್ಲಿ ಒಡೆದ ಮಡಕೆಯ ಬೋಕಿ. ಬಾಳವ್ವ ಇಕ್ಕಳದಿಂದ ಒಂದು ಕೆಂಡ ಎತ್ತಿ ಬೋಕಿಗೆ ಇಡುತ್ತಿದ್ದಳು. ಕೈ ಹಿಂದಕ್ಕೆ ಹೋಗುತ್ತಿತ್ತು, ಇನ್ನೊಂದು ಕೈ ಬರುತ್ತಿತ್ತು.

ಮಾತಿಲ್ಲ, ಕತೆಯಿಲ್ಲ. ಹೀಗೇ ಮೂವತ್ತು ವರ್ಷ.

ಮಾಗಿಯ ಚಳಿ ಹಿಡಿದಾಗ ಒಂದು ದಿನ ಮಠದ ಮುಂದೆ ಎರಡು ಬಂಡಿ ಬಂದು ನಿಂತವು. ಮುಂದೆ ದೇಸಾಯರ ಕಾರಭಾರಿ.

ದೇಸಾಯರು ಆ ಸೀಮೆಯ ಒಡೆಯರು. ಮಠಕ್ಕೆ ವರ್ಷ ವರ್ಷ ಜೋಳ, ಅಕ್ಕಿ ಕಳಿಸುವವರೂ ಅವರೇ. ಅವರ ತಾಯಿ ದೊಡ್ಡ ಬೇನೆಯಿಂದ ಎದ್ದಿದ್ದರು.

"ದೇಸಾಯರು ಹರಕಿ ಹೊತ್ತಾರ್ರಿ," ಅಂದ ಕಾರಭಾರಿ. "ನಿಮ್ಮ ಹಳೇ ಒಲಿಗೆ ಕಲ್ಲು ಹೊದಿಸಬೇಕಂತ. ಹುಣ್ಣಿಮಿ ದಿನ ಖುದ್ದು ಬಂದು ತಮ್ಮ ಕೈಯಿಂದ ಬೆಂಕಿ ಹಚ್ಚತಾರ."

ಬಂಡಿಯ ಮೇಲಿನ ಹುಲ್ಲು ಸರಿಸಿದರು. ಹುಲಗಪ್ಪ ಹತ್ತಿರ ಹೋಗಿ ಕಲ್ಲಿನ ಮೇಲೆ ಕೈಯಿಟ್ಟ.

ಎರಡು ಬೆರಳು ದಪ್ಪದ ಕಲ್ಲಿನ ಹಲಗೆಗಳು. ಕರಿ ನೀಲಿ ಬಣ್ಣ. ಎಷ್ಟು ನುಣುಪು ಅಂದರೆ ಬಗ್ಗಿ ನೋಡಿದರೆ ಮುಖ ಕಾಣುತ್ತಿತ್ತು. ಅವನು ಹುಟ್ಟಿದಾಗಿನಿಂದ ಕೈಯಾಡಿಸಿದ್ದು ಒಡ್ಡು ಕಲ್ಲು, ಬಾವಿ ಕಲ್ಲು. ಇಂಥ ಕಲ್ಲನ್ನು ಮುಟ್ಟುವ ಯೋಗ ಅವನ ಅಪ್ಪನಿಗೂ ಬಂದಿರಲಿಲ್ಲ.

"ಮಾಡ್ತೀಯೇನು?" ಅಂದ ಕಾರಭಾರಿ.

"ಹೂಂ ರಿ."

"ಒಲಿ ಹಿಂದಿನ ಗೋಡಿಗೂ ನೆಲದಿಂದ ಮಾಡಿನ ತನಕ ಒಂದ ಸಮ ಹೊದಿಸಬೇಕು. ಆ ಕಿಂಡಿ ಇರಬಾರದು. ಆ ಕೇರಿ ಕೈಗಳು ದೇಸಾಯರ ಕಲ್ಲು ಮುಟ್ಟಬಾರದು."

ಹುಲಗಪ್ಪ ಒಮ್ಮೆ ಮಠದ ಕಡೆ ತಿರುಗಿ ನೋಡಿದ. ಕಲ್ಲಿನ ಮೇಲಿದ್ದ ಕೈ ತೆಗೆಯಲಿಲ್ಲ.

"ಹೂಂ ರಿ," ಅಂದ.

ಬಂಡಿ ಹೋದ ಮೇಲೆ ಬಾಳವ್ವನ ಮುಂದೆ ನಿಂತ.

"ಅವ್ವಾರ, ಕಿಂಡಿ ಮುಚ್ಚಲೇನ್ರಿ?"

"ಕಿಂಡಿ ಯಾರದು?"

"ಕೇರಿಯವರದ್ರಿ."

"ಹಂಗಾದ್ರ ನನ್ನ ಯಾಕ ಕೇಳ್ತಿ? ಅವರನ್ನ ಕೇಳು."

ಹುಲಗಪ್ಪ ಕೇಳಲಿಲ್ಲ. ಕೇಳಿದರೆ ಅವರು ಏನು ಹೇಳುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಗುರುಗಳು ಬೇಡ ಅನ್ನಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ. ಮುಂದಿನ ಬಾಗಿಲಲ್ಲಿ ಒಂದು ಅಗ್ಗಿಷ್ಟಿಕೆ ಇಟ್ಟರಾಯಿತು, ಕೆಂಡ ಬೇಕಾದವರು ಅಲ್ಲಿಗೆ ಬರಲಿ ಅಂದುಕೊಂಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮುಂದಿನ ಬಾಗಿಲಿಗೆ ಊರ ಬೀದಿಯಿಂದಲೇ ಬರಬೇಕು ಅನ್ನುವುದು ಅವನಿಗೆ ಹೊಳೆಯಲಿಲ್ಲ. ಹೊಳೆದಿರಬಹುದು, ಅವನೇ ಆ ಕಡೆ ನೋಡಲಿಲ್ಲ.

ಕೆಲಸ ಶುರುವಾಯಿತು. ಒಲೆಯ ಬೆಂಕಿಯನ್ನು ಕಬ್ಬಿಣದ ಬಾಣಲೆಗೆ ಎತ್ತಿ ಮೂಲೆಯಲ್ಲಿಟ್ಟರು. ಹುಲಗಪ್ಪ ಉಳಿ ಹಿಡಿದು ಗೋಡೆಯ ಮಸಿ ಕೆರೆಯತೊಡಗಿದ.

ಬಾಳವ್ವ ಬಂದು ಪಕ್ಕದಲ್ಲಿ ಕೂತಳು. ತಾನೂ ಒಂದು ಉಳಿ ತೆಗೆದುಕೊಂಡಳು.

"ಇದನ್ನ್ಯಾಕ ಕೆರೀತಿ? ಹೆಂಗೂ ಮ್ಯಾಲ ಕಲ್ಲು ಬರತೈತಲ್ಲ."

"ಮಸಿ ಮ್ಯಾಲ ಗಾರೆ ಹಿಡಿಯೂದಿಲ್ರಿ. ಮ್ಯಾಲಿನ ಕಲ್ಲು ಎಷ್ಟ ಚಂದ ಇದ್ರೂ ಒಂದು ದಿನ ಕಳಚಿ ಬೀಳತೈತಿ."

"ಇದು ನಿನಗ ಯಾರು ಹೇಳಿದ್ರು?"

"ನಮ್ಮಪ್ಪರಿ."

"ಶಾಣ್ಯಾ ಮನಿಷ್ಯಾ," ಅಂದಳು ಬಾಳವ್ವ. ಸಂಜೆಯವರೆಗೆ ಇಬ್ಬರೂ ಕೆರೆದರು. ಇಬ್ಬರ ಮುಖವೂ ಕರಿ ಹಂಡೆಯ ತಳವಾಯಿತು.

ಮಸಿ ಹೋದ ಗೋಡೆಗೆ ಸುತ್ತಿಗೆಯಿಂದ ಕಚ್ಚು ಹಾಕಿದ, ಗಾರೆಗೆ ಹಿಡಿತ ಸಿಗಲೆಂದು. ಸುಣ್ಣ ಅರೆದ, ಬೆಲ್ಲದ ನೀರು ಹಾಕಿದ. ಗೋಡೆಗೂ ನೀರು ಕುಡಿಸಿದ, ಕಲ್ಲಿಗೂ ನೀರು ಕುಡಿಸಿದ. ಮೊದಲು ಮೂಲೆಯ ಕಲ್ಲು, ಆಮೇಲೆ ಕೆಳಗಿನ ಸಾಲು, ಅದು ಗಟ್ಟಿಯಾದ ಮೇಲೆ ಅದರ ಮೇಲಿನ ಸಾಲು. ಎರಡು ಕಲ್ಲಿನ ನಡುವೆ ಕೂದಲು ತೂರದ ಹಾಗೆ ಕೂಡಿಸಿದ. ಊಟ ಮರೆತ, ಸ್ನಾನ ಮರೆತ. ಹಾಡು ಬಾರದವನು ಏನೋ ಒಂದು ಗುನುಗುತ್ತಿದ್ದ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಕೆಲಸ ಬಹಳ ಚೆನ್ನಾಗಿತ್ತು.

ಬೆಳಗಿನ ಹೊತ್ತು ಮಾತ್ರ ಕೈ ತಡೆಯುತ್ತಿತ್ತು. ಕಿಂಡಿಯಲ್ಲಿ ಬೋಕಿ ಬರುತ್ತಿತ್ತು. ಬಾಳವ್ವ ಮೂಲೆಯ ಬಾಣಲೆಯಿಂದ ಕೆಂಡ ತಂದು ಇಡುತ್ತಿದ್ದಳು. ಹುಲಗಪ್ಪ ಆ ಹೊತ್ತಿಗೆ ಸರಿಯಾಗಿ ಗಾರೆ ಕಲಸಲು ಅಂಗಳಕ್ಕೆ ಹೋಗುತ್ತಿದ್ದ.

ಹುಣ್ಣಿಮೆಗೆ ಎರಡು ದಿನ ಇತ್ತು. ಉಳಿದದ್ದು ಕಿಂಡಿ ಒಂದೇ.

ಮಧ್ಯಾಹ್ನ ಅದಕ್ಕೆ ಗುಂಡುಗಲ್ಲು ತುಂಬಿದ. ಬೇಗ ಬೇಗ ತುಂಬಿದ. ಮೇಲೆ ಗಾರೆ ಬಡಿದು, ಎಲ್ಲಕ್ಕಿಂತ ಚಂದದ ಒಂದು ಹಲಗೆಯನ್ನು ತಂದು ಕೂಡಿಸಿದ. ಅದರಲ್ಲಿ ಬಿಳಿಯ ಎಳೆಯೊಂದು ಹೊಳೆಯ ಹಾಗೆ ಹರಿದಿತ್ತು.

ಬಾಳವ್ವ ರಾಗಿ ಬೀಸುತ್ತ ಕೂತಿದ್ದಳು. ತಲೆಯೆತ್ತಲಿಲ್ಲ.

ಮರುದಿನ ನಸುಕಿಗೆದ್ದು ಹುಲಗಪ್ಪ ಪರೀಕ್ಷೆಗೆ ನಿಂತ. ಗೌಂಡಿಗಳ ಪರೀಕ್ಷೆ ಸರಳ. ಗಾರೆ ಬಳಿಯುವ ಥಾಪಿಯ ಹಿಡಿಯಿಂದ ಒಂದೊಂದು ಕಲ್ಲನ್ನೂ ಕುಟ್ಟಿ ಕೇಳಬೇಕು. ಹಿಂದೆ ಗಾರೆ ತುಂಬಿದ್ದರೆ ದನಿ ಗಟ್ಟಿ ಬರುತ್ತದೆ. ಪೊಳ್ಳಿದ್ದರೆ ದನಿ ಬೇರೆ.

ಕುಟ್ಟಿದ. ಗಟ್ಟಿ. ಕುಟ್ಟಿದ. ಗಟ್ಟಿ. ಸಾಲು ಸಾಲು ಮುಗಿಸಿ ಬಿಳಿ ಎಳೆಯ ಕಲ್ಲಿಗೆ ಬಂದ.

ಟೊಕ್ ಟೊಕ್.

ಪೊಳ್ಳು.

ಗಾರೆ ಒಂದಿಷ್ಟು ಕಡಿಮೆ ಬಿದ್ದಿರಬೇಕು ಅಂದುಕೊಂಡು ಮತ್ತೆ ಕುಟ್ಟಿದ.

ಟೊಕ್ ಟೊಕ್.

ಆಚೆಯಿಂದಲೂ ಬಂತು. ಟೊಕ್ ಟೊಕ್.

ಹುಲಗಪ್ಪ ಕೈ ಕೆಳಗಿಳಿಸಿದ. ಆಚೆಯ ದನಿ ನಿಲ್ಲಲಿಲ್ಲ. ಯಾರೋ ಬೋಕಿಯಿಂದ ಗೋಡೆ ಕುಟ್ಟುತ್ತಿದ್ದರು. ಬಾಗಿಲು ಬಡಿದ ಹಾಗೆ, ಒಳಗಿನವರಿಗೆ ಕೇಳುತ್ತದೆ ಅನ್ನುವ ಭರವಸೆಯಲ್ಲಿ.

ಅವನು ಮಠ ಸುತ್ತಿ ಹಿಂದಕ್ಕೆ ಓಡಿದ. ಮೂರು ವರ್ಷದಲ್ಲಿ ಆ ಗೋಡೆಯನ್ನು ಆಚೆಯಿಂದ ಅವನು ನೋಡಿದ್ದು ಅಂದೇ ಮೊದಲು.

ಮಂಜಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಸೆರಗು ಬಿಗಿಯಾಗಿ ಹೊದ್ದು ನಡುಗುತ್ತಿದ್ದಳು. ಕೈಯಲ್ಲಿ ಬೋಕಿ. ಅವಳ ಹಿಂದೆ ಇನ್ನೂ ಏಳೆಂಟು ಜನ.

"ಕಿಂಡಿ ಎಲ್ಲಿ ಹೋತೋ ಯಪ್ಪಾ?" ಅಂದಳು.

"ಮುಚ್ಚೇನಿ. ದೇಸಾಯರು ಹೇಳಿದ್ರು."

"ಯಾಕಂತ?"

ಹುಲಗಪ್ಪ ಮಠದ ಮುಂಭಾಗದ ಕಡೆ ಕೈ ತೋರಿಸಿದ. "ಇನ್ನ ಮ್ಯಾಲ ಮುಂದಿನ ಬಾಗಲಕ್ಕ ಬರ್ರಿ. ಅಲ್ಲೆ ಕೆಂಡ ಇಡ್ತೀನಿ," ಅಂದ.

ಹೆಂಗಸು ಅವನ ಮುಖವನ್ನೇ ನೋಡಿದಳು. "ಊರ ಬೀದಿ ಹಿಡದು ಬರಬೇಕು, ಹೌದಿಲ್ಲೋ?"

ಅವನು ನೆಲ ನೋಡಿದ.

"ನನ್ನ ಮಗಳು ಹಡದು ಮೂರು ದಿನ ಆತು," ಅಂದಳು. "ಕೂಸು ತಣ್ಣಗಾಗಾಕತ್ತೈತಿ. ಬಾಣಂತಿಗೆ ಬಿಸಿನೀರಿಲ್ಲ. ನಿಂತು ಮಾತಾಡೂವಷ್ಟು ಪುರಸೊತ್ತು ನನಗಿಲ್ಲ."

ಹುಲಗಪ್ಪ ಒಳಗೆ ಓಡಿದ. ದೊಡ್ಡ ಬೆರಣಿಯ ಮೇಲೆ ಬಾಣಲೆಯ ಕೆಂಡ ಸುರಿದುಕೊಂಡು ಓಡಿ ಬಂದ. ಬೆರಳು ಸುಟ್ಟಿತು. ಬೋಕಿಗಳಿಗೆಲ್ಲ ಹಂಚಿದ.

ಹೆಂಗಸು ಹೊರಟವಳು ತಿರುಗಿದಳು.

"ಇವತ್ತ ನೀ ತಂದಿ. ನಾಳೆ ಯಾರು ತರತಾರ?"

"ನಾಳೆನೂ ನಾನ ತರತೀನಿ."

"ನೀ ಮಲಗಿದ್ರ? ನೀ ಊರಾಗ ಇಲ್ಲದಿದ್ರ? ನಿನಗ ಆ ದಿನ ಸಿಟ್ಟಿದ್ರ?" ಅವಳು ಬೋಕಿಯ ಕೆಂಡಕ್ಕೆ ಮೆಲ್ಲಗೆ ಊದಿದಳು. "ಕಿಂಡಿ ಇದ್ದಾಗ ನಮಗ ಯಾರ ಮುಲಾಜೂ ಇರಲಿಲ್ಲ."

ಅವಳು ಹೋದಳು.

ಹುಲಗಪ್ಪ ಒಳಗೆ ಬಂದಾಗ ಬಾಳವ್ವ ಹೊಸ ಒಲೆಯ ಮುಂದೆ ತಣ್ಣನೆಯ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಹುಲಗಪ್ಪ ಕುಳಿತುಕೊಳ್ಳಲಿಲ್ಲ.

"ಅವ್ವಾರ, ನೀವು ಯಾಕ ಬ್ಯಾಡ ಅನ್ನಲಿಲ್ಲ?"

"ಅಂದಿದ್ರ?"

"ನಾ ಮುಚ್ಚತಿರಲಿಲ್ಲ."

"ನಾ ಸತ್ತ ಮರುದಿನ ಮುಚ್ಚತಿದ್ದಿ," ಅಂದಳು ಬಾಳವ್ವ. "ಮತ್ಯಾರೋ ದೊಡ್ಡವರು ಬಂದು ಹೇಳತಿದ್ರು, ನೀ ಹೂಂ ಅಂತಿದ್ದಿ."

ಅದು ನಿಜವೆಂದು ಹುಲಗಪ್ಪನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವನಿಗೆ ಎಂದೂ ಬಾರದ ಸಿಟ್ಟು ಬಂತು.

"ನನಗ ಪಾಠ ಕಲಿಸಾಕ ಆ ಕೂಸು ಯಾಕ ನಡುಗಬೇಕಿತ್ತು?" ಅಂದ. ದನಿ ಮಠದ ಮಾಡಿಗೆ ಬಡಿಯಿತು. "ಮೂರು ದಿನದ ಕೂಸರಿ ಅದು! ಪಾಠ ನಂದು, ಚಳಿ ಅದಕ್ಯಾಕ? ಇದು ಎಂಥಾ ಗುರುತನ?"

ಮೂರು ವರ್ಷದಲ್ಲಿ ಅವನು ಗುರುವಿಗೆ ಎದುರಾಡಿದ ಮೊದಲ ಮಾತು ಅದು.

ಬಾಳವ್ವನ ಕೈಯ ರೊಟ್ಟಿ ಬಾಯಿಗೆ ಹೋಗಲಿಲ್ಲ. ಅದನ್ನು ಕೆಳಗಿಟ್ಟಳು.

"ಖರೇ," ಅಂದಳು. "ತಪ್ಪು ನಂದೂ ಐತಿ."

ಆಮೇಲೆ ಅವಳು ತುತ್ತು ಮುಟ್ಟಲಿಲ್ಲ. ಹುಲಗಪ್ಪನೂ ಗಂಜಿ ಕುಡಿಯಲಿಲ್ಲ. ಇಬ್ಬರೂ ಆ ಹೊಳೆಯುವ ಗೋಡೆಯನ್ನು ನೋಡುತ್ತ ಕೂತರು. ಗೋಡೆಯಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು.

"ನಾಳೆ ದೇಸಾಯರು ಬರತಾರ," ಅಂದ ಹುಲಗಪ್ಪ. "ನಾ ಒಂದು ಮಾತು ಹೇಳ್ತೀನಿ. ಕಿಂಡಿ ಮುಚ್ಚಿದ ಮ್ಯಾಲ ಒಲಿ ಹೊಗಿ ಕಾರಾಕತ್ತೈತಿ, ಗಾಳಿ ಆಡಾಕ ಒಂದು ತೂತು ಬೇಕ ಬೇಕು ಅಂತೀನಿ. ಅವರಿಗೂ ಅವಮಾನ ಆಗೂದಿಲ್ಲ, ಕಿಂಡಿನೂ ಬರತೈತಿ."

"ಒಲಿ ಹೊಗಿ ಕಾರತೈತೇನು?"

ಹುಲಗಪ್ಪ ನಾಲ್ಕು ಕಟ್ಟಿಗೆ ಇಟ್ಟು ಹೊತ್ತಿಸಿ ನೋಡಿದ. ಬೆಂಕಿ ನೆಟ್ಟಗೆ ಎದ್ದಿತು. ಹೊಗೆ ಒಂದು ಎಳೆಯೂ ಒಳಗೆ ತಿರುಗಲಿಲ್ಲ. ಹಾಳು ಒಲೆ, ಇಷ್ಟು ವರ್ಷ ಉರಿದದ್ದಕ್ಕಿಂತ ಚೆನ್ನಾಗಿ ಉರಿಯಿತು.

"ಇಲ್ರಿ," ಅಂದ.

"ಮಸಿ ಮ್ಯಾಲ ಗಾರೆ ಹಿಡಿಯೂದಿಲ್ಲ ಅಂತ ಹೇಳಿದಂವ ನೀನು," ಅಂದಳು ಬಾಳವ್ವ. ಎದ್ದು ಹೋಗಿ ಬೆಂಕಿಯನ್ನು ಮತ್ತೆ ಬಾಣಲೆಗೆ ತುಂಬಿದಳು.

ಹುಣ್ಣಿಮೆಯ ಬೆಳಗ್ಗೆ ಹುಲಗಪ್ಪ ಮತ್ತೆ ಬೆರಣಿ ಹೊತ್ತು ಗೋಡೆಯ ಹಿಂದೆ ಹೋಗಿ ಕೆಂಡ ಹಂಚಿ ಬಂದ. ಹೊತ್ತು ಏರುವಾಗ ದೇಸಾಯರು ಬಂದರು. ಕಾರಭಾರಿ, ಆಳುಗಳು, ಊರ ಹಿರಿಯರು ಹಿಂದೆ. ಒಲೆ ನೋಡಿ ದೇಸಾಯರ ಕಣ್ಣು ಅರಳಿತು. ಒಳ್ಳೆಯ ಕೆಲಸ ಕಂಡರೆ ಗುರುತಿಸುವ ಗುಣ ಅವರಲ್ಲಿತ್ತು, ಅದನ್ನು ಇಲ್ಲ ಅನ್ನಬಾರದು.

"ಭೇಷ್!" ಅಂದರು. "ಇದು ಯಾರ ಕೈ?"

"ನಂದ್ರಿ," ಅಂದ ಹುಲಗಪ್ಪ.

"ನಮ್ಮ ವಾಡೇದ ದೇವರಮನಿ ನಿನ್ನ ಕೈಯಿಂದನ ಆಗಬೇಕು. ನಾಳೆನ ಬಾ."

ಸುತ್ತ ನಿಂತವರು ತಲೆಯಾಡಿಸಿದರು. ಗೌಂಡಿಯೊಬ್ಬನಿಗೆ ಇದಕ್ಕಿಂತ ದೊಡ್ಡ ಮಾತು ಇನ್ನೇನಿದೆ? ಹುಲಗಪ್ಪನ ಬಾಯಿ ರೂಢಿಯಂತೆ ತೆರೆಯಿತು. ಹೂಂ ಅನ್ನುವುದೊಂದು ಬಾಕಿ. ಅವನು ತಿರುಗಿ ಬಾಳವ್ವನನ್ನು ನೋಡಿದ.

ಬಾಳವ್ವ ಅವನನ್ನು ನೋಡಲಿಲ್ಲ. ಕೋಲಿನಿಂದ ಬಾಣಲೆಯ ಬೂದಿ ಕೆದಕುತ್ತಿದ್ದಳು.

"ದೇಸಾಯರ, ಒಂದು ಕಲ್ಲು ಪೊಳ್ಳು ಐತ್ರಿ," ಅಂದ ಹುಲಗಪ್ಪ.

"ಯಾವುದು?"

"ಇದು." ಬಿಳಿ ಎಳೆಯ ಕಲ್ಲನ್ನು ಕುಟ್ಟಿ ತೋರಿಸಿದ. "ಇದರ ಹಿಂದ ಕೇರಿಯವರ ಕಿಂಡಿ ಐತಿ. ಮೂರು ದಿನದ ಕೂಸಿಗೆ ಬಿಸಿನೀರು ಇದರಾಗಿಂದ ಹೋಗಬೇಕಿತ್ತು. ನಾ ಮುಚ್ಚಿದೆ. ತಪ್ಪು ಮಾಡೇನ್ರಿ. ಈಗ ತಗೀತೀನಿ."

"ಆ ಮಾತು ಬ್ಯಾಡ," ಅಂದರು ದೇಸಾಯರು. ಸಿಟ್ಟಿಲ್ಲದೆಯೇ ಅಂದರು. ತಮ್ಮ ಮಾತು ಯಾರಾದರೂ ಮೀರಬಹುದು ಎಂದು ಅವರಿಗೆ ಇನ್ನೂ ಅನ್ನಿಸಿರಲಿಲ್ಲ. "ಇದ್ದದ್ದು ಇದ್ದಂಗ ಇರಲಿ. ಥಾಪಿ ಕೆಳಗಿಡು."

"ಒಲ್ಲೆ," ಅಂದ ಹುಲಗಪ್ಪ.

ಮೆಲ್ಲಗೇ ಅಂದ. ಆದರೂ ಅಂಗಳದ ಕೊನೆಯಲ್ಲಿ ನಿಂತವನಿಗೂ ಕೇಳಿಸಿತು. ಬಾಳವ್ವನ ಕೋಲು ಬೂದಿಯಲ್ಲಿ ನಿಂತುಬಿಟ್ಟಿತು.

ಹುಲಗಪ್ಪ ಸುತ್ತಿಗೆ ಎತ್ತಿ ಹೊಡೆದ. ಬಿಳಿ ಎಳೆ ನಡುವೆ ಸೀಳಿತು. ಅದನ್ನು ಹುಡುಕಿ ಹುಡುಕಿ ಆರಿಸಿದವನು ಅವನೇ. ಚೂರುಗಳು ಕಾಲ ಮೇಲೆ ಬಿದ್ದಾಗ ಅವನಿಗೆ ಅಳು ಬಂತು. ಅಳುತ್ತಲೇ ಎರಡನೆಯ ಏಟು ಹಾಕಿದ.

ಕಾರಭಾರಿ ಮುಂದೆ ನುಗ್ಗಿದ. "ಏ! ಉಂಡ ಮನಿಗೆ ಎರಡು ಬಗೀತಿಯೇನೋ? ಯಾರ ಜೋಳ ತಿಂದು ಬೆಳದಿ?"

ಬಾಳವ್ವ ಎದ್ದು ನಿಂತಳು. ಎದ್ದು ನಿಂತರೂ ಕಾರಭಾರಿಯ ಎದೆಯ ಮಟ್ಟಕ್ಕೆ ಬರುತ್ತಿದ್ದಳು.

"ಜೋಳ ಬೆಳದವರು ಗೋಡಿ ಆಚೆ ಅದಾರಪ್ಪ," ಅಂದಳು. "ನಿಮ್ಮ ಬಂಡಿ ಬರಿ ಹೊತಗೊಂಡು ಬಂತು."

ದೇಸಾಯರ ಮುಖ ಕೆಂಪಾಯಿತು. "ಅವ್ವಾರ, ನಿಮ್ಮ ಬಾಯಿಂದ ಈ ಮಾತು ಬರಬಾರದಿತ್ತು. ಇನ್ನ ಮ್ಯಾಲ ನಮ್ಮ ಬಂಡಿ ಈ ಕಡೆ ಹಾಯೂದಿಲ್ಲ."

"ನಿಮ್ಮ ಬಂಡಿ ಬರೂಕಿಂತ ಮೊದಲ ಈ ಒಲಿ ಮ್ಯಾಲ ಅಂಬಲಿ ಕುದೀತಿತ್ತು. ಮತ್ತ ಕುದೀತೈತಿ."

"ನನ್ನ ಕಲ್ಲು?"

"ತಗೊಂಡು ಹೋಗ್ರಿ."

"ಬಿಚ್ಚಿ ಕೊಡ್ರಿ ಹಂಗಾದ್ರ," ಅಂದರು ದೇಸಾಯರು. "ಆ ಕೈಗಳು ಮುಟ್ಟೂ ಗೋಡಿ ಮ್ಯಾಲ ನನ್ನ ಒಂದು ಕಲ್ಲೂ ಇರಬಾರದು."

ಎಲ್ಲರೂ ಹುಲಗಪ್ಪನನ್ನು ನೋಡಿದರು. ಹತ್ತು ದಿನ ಊಟ ಬಿಟ್ಟು, ಕೂದಲು ತೂರದ ಹಾಗೆ ಕೂಡಿಸಿದ ಕೆಲಸ. ಅವನು ಮೂಗು ಒರೆಸಿಕೊಂಡು ಉಳಿ ತೆಗೆದುಕೊಂಡ. ಮೇಲಿನ ಸಾಲಿನಿಂದ ಶುರು ಮಾಡಿದ.

ಸುಣ್ಣದ ಗಾರೆ ಒಳಗೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಒಂದೊಂದೇ ಹಲಗೆ ಎದ್ದು ಬಂತು. ಮಗುವನ್ನು ತೊಟ್ಟಿಲಿಂದ ಎತ್ತುವ ಹಾಗೆ ಎತ್ತಿ ಎತ್ತಿ ಆಳುಗಳ ಕೈಗೆ ಕೊಟ್ಟ. ಹೊತ್ತು ನೆತ್ತಿಯ ಮೇಲೆ ಬರುವ ಹೊತ್ತಿಗೆ ಗೋಡೆ ಬತ್ತಲಾಯಿತು. ಬಂಡಿಗಳು ತುಂಬಿದವು.

ದೇಸಾಯರು ಹೊರಟರು. ಊರ ಹಿರಿಯರೂ ಅವರ ಹಿಂದೆ ಹೊರಟರು. ಒಬ್ಬನಿಗೂ ಮಠದ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಹೇಡಿಗಳನ್ನು ಹೇಡಿಗಳು ಅನ್ನದೆ ಇನ್ನೇನು ಅನ್ನಲಿ?

ಅಂಗಳದಲ್ಲಿ ಉಳಿದವರು ಗುರು ಮತ್ತು ಶಿಷ್ಯ.

ಹುಲಗಪ್ಪ ಕಿಂಡಿಗೆ ತುಂಬಿದ ಗುಂಡುಗಲ್ಲುಗಳನ್ನು ಒಂದೊಂದಾಗಿ ಕಿತ್ತ. ಕೊನೆಯ ಕಲ್ಲು ಆಚೆ ಬಿತ್ತು. ಕೇರಿಯ ಕಾಲುದಾರಿಯ ಬೆಳಕು ಒಳಗೆ ಬಂತು. ಹಳೆಯ ಅಂಚು ಅಲ್ಲಲ್ಲಿ ಮುರಿದಿತ್ತು. ಅವನು ಗೇಣು ಹಾಕಿ ಅಳೆದ. ಉದ್ದ ಒಂದು ಗೇಣು, ಅಗಲ ಒಂದು ಗೇಣು. ಸರಿ ಮಾಡಲು ಗಾರೆ ಕಲಸಿದ.

ಬಾಳವ್ವ ಬಾಣಲೆಯ ಬೆಂಕಿಯನ್ನು ಒಲೆಗೆ ಸುರಿದು ಅಂಬಲಿಯ ಗಡಿಗೆ ಏರಿಸಿದಳು.

ಸುದ್ದಿ ಕೇರಿಗೆ ಮುಟ್ಟಿತ್ತು. ಅಂಬಲಿ ಕುದಿ ಬರುವುದರೊಳಗೆ ಕಿಂಡಿಯಲ್ಲಿ ಒಂದು ಕೈ ಬಂತು. ಹಸಿರು ಬಳೆ, ಮಣಿಕಟ್ಟಿನ ಮೇಲೆ ಸುಟ್ಟ ಗಾಯದ ಹಳೆಯ ಕಲೆ, ಕೈಯಲ್ಲಿ ಬೋಕಿ.

ಬಾಳವ್ವ ಇಕ್ಕಳದಲ್ಲಿ ಕೆಂಡ ಹಿಡಿದು ಹೋದಳು. ಬೋಕಿಯ ಹತ್ತಿರ ಹೋಗಿ ತಡೆದಳು.

"ಯಾರವ್ವಾ ನೀನು?" ಅಂದಳು.

ಬೋಕಿ ಹಿಡಿದ ಕೈ ತುಸು ಹಿಂದೆ ಸರಿಯಿತು. ಆ ಕಿಂಡಿಯಲ್ಲಿ ಯಾರೂ ಅದನ್ನು ಕೇಳಿದ್ದೇ ಇಲ್ಲ.

"ನಾನ್ರಿ, ಹೊಳೆವ್ವ. ನನ್ನ ಮಗಳು ಹಡದಾಳ."

ನಿನ್ನೆಯ ಹೆಂಗಸೇ ಎಂದು ಹುಲಗಪ್ಪನಿಗೆ ದನಿಯಿಂದ ಗೊತ್ತಾಯಿತು.

"ಎಷ್ಟು ದಿನದಿಂದ ಕೆಂಡ ಒಯ್ತೀ?"

"ಲಗ್ನಾಗಿ ಬಂದಾಗಿಂದರಿ. ಹದಿನೆಂಟು ವರ್ಷ ಆತು."

"ಈ ಸುಟ್ಟ ಕಲಿ?"

"ಮೊದಲನೇ ವರ್ಷ ಇಲ್ಲೇ ಆದದ್ರಿ. ಕೆಂಡ ಜಾರಿ ಕೈ ಮ್ಯಾಲ ಬಿತ್ತು."

ಬಾಳವ್ವ ಇಕ್ಕಳವನ್ನು ಎರಡೂ ಕೈಯಲ್ಲಿ ಹಿಡಿದಳು. ಕೆಂಡವನ್ನು ಜೋಪಾನವಾಗಿ ಬೋಕಿಯಲ್ಲಿಟ್ಟಳು. ಕೂಸು ಹೇಗಿದೆ ಎಂದು ಕೇಳಿದಳು. ಬೆಚ್ಚಗಾಗಿದೆ, ಹಾಲು ಕುಡಿಯುತ್ತಿದೆ ಅಂದಳು ಹೊಳೆವ್ವ. ಕೈ ಹಿಂದಕ್ಕೆ ಹೋಯಿತು.

ಬಾಳವ್ವ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಹುಲಗಪ್ಪಾ, ಆ ಕಲಿ ನನಗ ಗೊತ್ತಿತ್ತು," ಅಂದಳು. "ಆ ಹಸರ ಬಳಿ ಗೊತ್ತಿದ್ದುವು. ಕೇರಿಯಾಗಿನ ಒಂದೊಂದು ಕೈನೂ ನನಗ ಗೊತ್ತು. ಮೂವತ್ತು ವರ್ಷ ಆತು, ಒಬ್ಬರ ಮಾರಿನೂ ನೋಡಿಲ್ಲ ನಾ. ಧರ್ಮ ಮಾಡಾಕತ್ತೇನಿ ಅಂತ ಇಕ್ಕಳ ಹಿಡಕೊಂಡು ನಿಂತಿದ್ದೆ."

ಗಾರೆ ಗಟ್ಟಿಯಾಗುತ್ತಿತ್ತು. ಹುಲಗಪ್ಪ ಅಂಚಿಗೆ ಇಡಲು ಕಲ್ಲು ಕೈಗೆತ್ತಿಕೊಂಡ.

"ಅವ್ವಾರ, ಮೊದಲಿನ ಅಳತಿಗೇ ಕಟ್ಟಲೇನ್ರಿ?"

ಬಾಳವ್ವ ಎದ್ದಳು. ಅವನ ಕೈಯ ಕಲ್ಲು ತೆಗೆದು ಕೆಳಗಿಟ್ಟಳು. ಮೂಲೆಯಲ್ಲಿ ಬಿದ್ದಿದ್ದ ಸುತ್ತಿಗೆಯನ್ನು ತಂದು ಆ ಕೈಗೆ ಕೊಟ್ಟಳು.

"ಇನ್ನೂ ಒಡಿ," ಅಂದಳು. "ಹೊಳೆವ್ವ ಕೂಸು ಎತಗೊಂಡು, ತಲಿ ಬಗ್ಗಿಸದ ಒಳಗ ಬರೂವಷ್ಟು ಒಡಿ."